ಹಿಂದಿನ ಸೀಟಿನ ಅತ್ತಿಗೆ

ಫೆಬ್ರವರಿ ಹನ್ನೊಂದು, ಬುಧವಾರ, ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ಬೀದಿದೀಪಗಳು ಇನ್ನೂ ಆರಿಲ್ಲ. ಬೂದು ಬಣ್ಣದ ಚಿಕ್ಕ ಕಾರೊಂದು ಬಾಗಿಲು ಮುಚ್ಚಿದ ಅಂಗಡಿಗಳ ಮುಂದೆ ನಿಧಾನವಾಗಿ ಸಾಗುತ್ತಿದೆ. ಸ್ಟೀರಿಂಗ್ ಹಿಡಿದವರು ಗ್ಯಾರೇಜಿನ ಮೇಸ್ತ್ರಿ. ಅವರ ಪಕ್ಕದ ಸೀಟು ಖಾಲಿ. ಆ ಖಾಲಿ ಸೀಟಿನ ಹಿಂದೆ ಐವತ್ತೊಂದು ವರ್ಷದ ಹೆಂಗಸೊಬ್ಬರು ಚಪ್ಪಲಿ ಕಳಚಿ, ಅಂಗಾಲು ಎರಡನ್ನೂ ಕೆಳಗೆ ಊರಿ, ಕಣ್ಣು ಮುಚ್ಚಿ ಕೂತಿದ್ದಾರೆ. ತುಟಿ ಬಿಗಿದುಕೊಂಡಿದೆ. ಗಂಟಲಿನಿಂದ ಮಾತ್ರ ಒಂದೇ ಸ್ವರ, ಗಾಜಿನ ಬಾಟಲಿಯೊಳಗೆ ಸಿಕ್ಕಿಕೊಂಡ ದುಂಬಿಯ ಹಾಗೆ, ಎಡೆಬಿಡದೆ ಹೊರಡುತ್ತಿದೆ.

ಸಿಮೆಂಟ್ ರಸ್ತೆಯ ಚಪ್ಪಡಿಗಳು ಕೂಡುವ ಗೆರೆಗಳು ಬರುತ್ತವೆ. ಗುಂಯ್ ಎನ್ನುವ ದನಿ ಪ್ರತಿ ಗೆರೆಗೂ ಕಡಿದು ಕಡಿದು ಹೋಗುತ್ತದೆ, ಬಿಕ್ಕಳಿಕೆ ಬಂದವರ ಹಾಗೆ.

"ಕೇಳಿಸ್ತಾ?"

"ಕೇಳಿಸ್ತು ಅತ್ತಿಗೆ."

"ನೀನು ಶಾಕ್ ಮೆತ್ತಗೆ ಮಾಡಿದೀನಿ ಅಂದೆ."

"ಮಾಡಿದೀನಿ. ನಿನ್ನೆಗಿಂತ ಎರಡು ಟಿಕ್ ಕಮ್ಮಿ."

"ಹಂಗಾದ್ರೆ ನನ್ನ ಬೆನ್ನಿಗೆ ಯಾರೋ ಬೆರಳಲ್ಲಿ ಚುಚ್ತಾ ಇರೋದು ಯಾಕೆ?"

ನೀರಿನ ಟ್ಯಾಂಕಿನ ಸುತ್ತಲಿನ ದೊಡ್ಡ ತಿರುವಿಗೆ ಕಾರು ಹೊರಳುತ್ತದೆ. ಅಲ್ಲಿ ದನಿ ಕಡಿಯುವುದಿಲ್ಲ, ಜೋಲುತ್ತದೆ. ಉಸಿರು ಒಂದು ಪಕ್ಕಕ್ಕೆ ವಾಲಿದ ಹಾಗೆ. ಅತ್ತಿಗೆ ಕಣ್ಣು ತೆರೆದು ಕಿಟಕಿಯ ಗಾಜು ಇಳಿಸುತ್ತಾರೆ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ಶುಂಠಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು, "ವಾಪಸ್ ನಡಿ" ಎನ್ನುತ್ತಾರೆ.

ಎಂಟೂವರೆಗೆ ಇದೇ ಸೀಟಿನಲ್ಲಿ ಟೀಚರಮ್ಮ ಕೂರಬೇಕು. ಅವರಿಗೆ ಅರವತ್ತೆಂಟು ವರ್ಷ. ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತರಾದವರು. ನವೆಂಬರಿನಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಆಗಿದೆ. ವಾರಕ್ಕೆ ಮೂರು ಸಲ ಗುಡ್ಡದ ಆಚೆಯ ಆಸ್ಪತ್ರೆಗೆ ಹೋಗಿ ನಡಿಗೆಯ ವ್ಯಾಯಾಮ ಮಾಡಿದರೆ ಮಾತ್ರ ಕಾಲಿನ ಬಲ ಮರಳುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಆದರೆ ಆ ದಾರಿ ಮುಗಿಯುವಷ್ಟರಲ್ಲಿ ಟೀಚರಮ್ಮನ ಜೀವ ಬಾಯಿಗೆ ಬಂದಿರುತ್ತದೆ. ಕಳೆದ ಸಲ ಆಸ್ಪತ್ರೆ ತಲುಪಿದ ಮೇಲೆ ಬೆಂಚಿನ ಮೇಲೆ ಮಲಗಿದವರು ಏಳಲೇ ಇಲ್ಲ. ಒಂದು ಹೆಜ್ಜೆಯೂ ನಡೆಯದೆ ಹಾಗೇ ಮನೆಗೆ ಬಂದರು. ಮಗನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ: "ಬುಧವಾರ ಒಂದ್ಸಲ ನೋಡ್ತೀನಿ. ಹಿಂಗೇ ಇದ್ರೆ ಇನ್ಮೇಲೆ ನನ್ನನ್ನ ಎಬ್ಬಿಸ್ಬೇಡ. ಹಾಸಿಗೆ ಹಿಡೀಬೇಕು ಅಂತಿದ್ರೆ ಹಿಡೀತೀನಿ, ಅಲ್ಲಾದ್ರೂ ಕುಲುಕಾಟ ಇರಲ್ಲ."

ಗ್ಯಾರೇಜಿನ ಫಲಕದ ಮೇಲೆ ಮೇಸ್ತ್ರಿಯ ಹೆಸರಿದೆ. ಫೋನ್ ಬರುವುದು ಮೇಸ್ತ್ರಿಗೆ. ಕಾರು ಚೆನ್ನಾಗಿ ಓಡಿದರೆ ಜನ ಕೈಕುಲುಕುವುದೂ ಮೇಸ್ತ್ರಿಯದೇ. ಅತ್ತಿಗೆ ಅವರ ಅಣ್ಣನ ಹೆಂಡತಿ. ಮೇಸ್ತ್ರಿ ಕರೆಯುವುದನ್ನು ಕೇಳಿ ಕೇಳಿ ಪಕ್ಕದ ಟಯರ್ ಅಂಗಡಿಯವರು, ಎದುರಿನ ಬಣ್ಣದ ಅಂಗಡಿಯವರು, ಅಂಚೆಯವನು, ಕೊನೆಗೆ ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಬೀಗ ರಿಪೇರಿಯವರು ಸಹ ಅವರನ್ನು ಅತ್ತಿಗೆ ಎಂದೇ ಕರೆಯುತ್ತಾರೆ. ಆದರೆ ಅವರ ಕೆಲಸವೇನೆಂದು ಬೀದಿಯಲ್ಲಿ ಬಹುಮಂದಿಗೆ ಗೊತ್ತಿಲ್ಲ. ಪರೀಕ್ಷೆಗೆಂದು ಜೊತೆಯಲ್ಲಿ ಬಂದ ಗಿರಾಕಿಯೊಬ್ಬರು ಹಿಂದಕ್ಕೆ ತಿರುಗಿ ನೋಡಿ, "ಇವರನ್ನ ಎಲ್ಲಿ ಬಿಡ್ಬೇಕು?" ಎಂದು ಮೇಸ್ತ್ರಿಯನ್ನು ಕೇಳಿದ್ದರಂತೆ. ಅತ್ತಿಗೆ ಈಗಲೂ ಅದನ್ನು ನೆನೆದು ನಗುತ್ತಾರೆ. "ನಾನೂ ಸುಮ್ನಿರ್ಲಿಲ್ಲ. ಮುಂದಿನ ತಿರುವಲ್ಲಿ ಬಿಡಿ, ಅಲ್ಲೀವರ್ಗೂ ಗಾಡಿ ಉಳಿದ್ರೆ ಅಂದೆ. ಅಷ್ಟು ಅಲ್ಲಾಡ್ತಿತ್ತು ಅವರ ಗಾಡಿ."

ಅವರು ಮಾಡುವ ಕೆಲಸ ಇದು. ಕಾರಿನ ಪ್ರತಿ ಚಕ್ರಕ್ಕೂ ಒಂದು ಸ್ಪ್ರಿಂಗ್, ಒಂದು ಶಾಕ್ ಅಬ್ಸಾರ್ಬರ್ ಇರುತ್ತದೆ. ಸ್ಪ್ರಿಂಗ್ ಭಾರ ಹೊರುತ್ತದೆ. ಹಳ್ಳ ಸಿಕ್ಕರೆ ಕುಗ್ಗಿ ಮತ್ತೆ ಹಿಗ್ಗುತ್ತದೆ. ಅದರಷ್ಟಕ್ಕೆ ಬಿಟ್ಟರೆ ಕುಣಿಯುತ್ತಲೇ ಇರುತ್ತದೆ. ಎಣ್ಣೆ ತುಂಬಿದ ಶಾಕ್ ಆ ಕುಣಿತವನ್ನು ಹಿಡಿದು ನಿಲ್ಲಿಸುತ್ತದೆ. ಕಾರಿನ ಜೊತೆ ಬರುವ ಸಾಮಾನ್ಯ ಶಾಕ್‌ಗಳಲ್ಲಿ ಈ ಹಿಡಿತ ಎಷ್ಟೆಂದು ಮೊದಲೇ ನಿಗದಿಯಾಗಿರುತ್ತದೆ. ಶೋಕಿಗೋ ಅಗತ್ಯಕ್ಕೋ ಹೊರಗಿನಿಂದ ಕೊಂಡು ಹಾಕಿಸುವ ಶಾಕ್‌ಗಳಲ್ಲಿ ಒಂದು ಪುಟ್ಟ ತಿರುಗಣೆ ಇರುತ್ತದೆ. ತಿರುಗಿಸಿದರೆ ಟಿಕ್ ಎನ್ನುತ್ತದೆ. ಪ್ರತಿ ಟಿಕ್‌ಗೂ ಹಿಡಿತ ಒಂದಿಷ್ಟು ಏರುತ್ತದೆ ಅಥವಾ ಇಳಿಯುತ್ತದೆ. ಹಿಡಿತ ಬಿಗಿಯಾದಷ್ಟೂ ಕಾರು ತಿರುವಿನಲ್ಲಿ ವಾಲದೆ ಓಡುತ್ತದೆ, ಆದರೆ ರಸ್ತೆಯ ಒಂದೊಂದು ಕಲ್ಲೂ ಬೆನ್ನಿಗೆ ಬಂದು ವರದಿ ಒಪ್ಪಿಸುತ್ತದೆ. ಸಡಿಲವಾದಷ್ಟೂ ಕಲ್ಲುಗಳು ಸುಮ್ಮನಾಗುತ್ತವೆ, ತಿರುವಿನಲ್ಲಿ ಮಾತ್ರ ಕಾರು ದೋಣಿಯಾಗುತ್ತದೆ.

"ಬಂದವರೆಲ್ಲ ಎರಡೂ ಬೇಕು ಅಂತಾರೆ," ಎನ್ನುತ್ತಾರೆ ಅತ್ತಿಗೆ. "ಹಾಸಿಗೆ ಥರ ಮೆತ್ತಗೂ ಇರ್ಬೇಕು, ತಿರುವಲ್ಲಿ ಹಳಿ ಮೇಲೆ ಹೋದಂಗೂ ಇರ್ಬೇಕು. ಆಯ್ತಪ್ಪಾ, ಎರಡೂ ಕೊಡ್ತೀನಿ, ಆದ್ರೆ ಎರಡೂ ಪೂರ್ತಿ ಕೊಡಲ್ಲ ಅಂತೀನಿ. ಯಾರು ಕೂರ್ತಾರೆ, ಯಾವ ದಾರೀಲಿ ಹೋಗ್ತಾರೆ, ಅದನ್ನ ಹೇಳಿ ಮೊದ್ಲು."

ದಿನಕ್ಕೆ ಎರಡೋ ಮೂರೋ ಕಾರು. ಪ್ರತಿ ಕಾರಿಗೂ ಕನಿಷ್ಠ ನಾಲ್ಕು ಸುತ್ತು. ಸುತ್ತಿನ ಉದ್ದ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು: ಸಿಮೆಂಟ್ ರಸ್ತೆ, ಶಾಲೆಯ ಮುಂದಿನ ಉಬ್ಬುಗಳು, ರೈಲು ಹಳಿ ದಾಟುವ ಜಾಗ, ಕಿತ್ತುಹೋದ ಡಾಂಬರು, ಕೊನೆಗೆ ಟ್ಯಾಂಕಿನ ತಿರುವು. ಜನ ಓಡಾಡುವ ಹೊತ್ತಿಗೆ ಒಂದೇ ವೇಗದಲ್ಲಿ ಹೋಗಲಾಗುವುದಿಲ್ಲ. ಹಾಗಾಗಿ ಮುಖ್ಯ ಸುತ್ತುಗಳೆಲ್ಲ ಬೆಳಕು ಹರಿಯುವ ಮುನ್ನವೇ. ಅದಕ್ಕೂ ಮೊದಲು ಅತ್ತಿಗೆ ಏನನ್ನೂ ತಿನ್ನುವುದಿಲ್ಲ. ತಿಂದದ್ದು ನಿಲ್ಲುವುದಿಲ್ಲ.

ಏಕೆಂದರೆ ಇಷ್ಟು ವರ್ಷಗಳಾದರೂ ಅವರಿಗೆ ಕಾರಿನಲ್ಲಿ ಕೂತರೆ ಹೊಟ್ಟೆ ತೊಳಸುವುದು ತಪ್ಪಿಲ್ಲ.

ಚಿಕ್ಕಂದಿನಲ್ಲಿ ಅದೇ ಅವರ ದೊಡ್ಡ ಅವಮಾನವಾಗಿತ್ತು. ಬಸ್ಸು ಹತ್ತಿದರೆ ಎರಡನೆಯ ನಿಲ್ದಾಣಕ್ಕೆ ಮುಖ ಬಿಳಿಚಿಕೊಳ್ಳುತ್ತಿತ್ತು. ಅಕ್ಕಂದಿರು ಪಕ್ಕದಲ್ಲಿ ಕೂರುತ್ತಿರಲಿಲ್ಲ. ಮದುವೆಯಾಗಿ ಬಂದಾಗ ಗಂಡನ ಮನೆಯವರು ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ಅವರಿಗೆಂದೇ ಮೀಸಲಿಟ್ಟಿದ್ದರು. ಮೇಸ್ತ್ರಿ ಆಗ ಇಪ್ಪತ್ತರ ಹುಡುಗ, ಗ್ಯಾರೇಜು ತೆರೆದು ಒಂದು ವರ್ಷವಾಗಿತ್ತು. ಗಿರಾಕಿಯೊಬ್ಬರ ಕಾರಿಗೆ ನಾಲ್ಕೂ ಶಾಕ್ ಹೊಸದು ಹಾಕಿ, ಪರೀಕ್ಷೆಯೂ ಆಯಿತು, ಕೆಲಸವೂ ಆಯಿತು ಎಂದು ಅತ್ತಿಗೆಯನ್ನು ದಂತವೈದ್ಯರಲ್ಲಿಗೆ ಅದೇ ಕಾರಿನಲ್ಲಿ ಕರೆದೊಯ್ದಿದ್ದರು. ವಾಂತಿ ತಡೆಯಲು ಅತ್ತಿಗೆ ಬಾಯಿ ಮುಚ್ಚಿ ಗುಂಯ್ ಎನ್ನುತ್ತ ಕೂತರು. ದಾರಿ ಮಧ್ಯದಲ್ಲಿ ಗುಂಯ್ ನಿಲ್ಲಿಸಿ, "ಹಿಂದಿನ ಕಾಲು ಒಂದು ಕುಂಟ್ತಿದೆ ಕಣೋ. ನನ್ನ ಕಡೇದು" ಎಂದರು.

"ಹೊಸಾದು ಅತ್ತಿಗೆ!"

"ಹೊಸಾ ಕಾಲು ಕುಂಟಬಾರ್ದು ಅಂತ ಇದ್ಯಾ?"

ಬಿಚ್ಚಿ ನೋಡಿದರೆ ಆ ಶಾಕ್‌ನ ಒಳಗಿನ ಕವಾಟ ಅಂಟಿಕೊಂಡಿತ್ತು. ಅಂದಿನಿಂದ ಬಕೆಟ್ಟು ಗ್ಯಾರೇಜಿಗೆ ಹೋಯಿತು, ಅತ್ತಿಗೆಯೂ ಹೋದರು. ಮನುಷ್ಯನ ಮುಂಡ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಬರುವ ಅದುರಾಟಕ್ಕೆ ಹೆಚ್ಚು ನೋಯುತ್ತದೆ. ಹೊಟ್ಟೆ ತೊಳಸುವುದು ಅದಕ್ಕಿಂತ ಬಹಳ ನಿಧಾನದ ತೂಗಾಟಕ್ಕೆ. ಅತ್ತಿಗೆಯ ದನಿಯಲ್ಲಿ ಎರಡೂ ಬೇರೆ ಬೇರೆಯಾಗಿ ಕೇಳಿಸುತ್ತವೆ. ಅದುರಾಟಕ್ಕೆ ಅದು ಕಡಿಯುತ್ತದೆ, ತೂಗಾಟಕ್ಕೆ ಜೋಲುತ್ತದೆ. ಸ್ಟೀರಿಂಗ್ ಹಿಡಿದ ಮೇಸ್ತ್ರಿ ರಸ್ತೆ ನೋಡುತ್ತ ಕಿವಿಯಿಂದ ಕಾರನ್ನು ಓದುತ್ತಾರೆ.

ಅತ್ತಿಗೆಯ ಗಂಡ ಅಚ್ಚುಕೂಟದಲ್ಲಿ ಕೆಲಸ ಮಾಡುತ್ತಾರೆ. ಅವರನ್ನು ಯಾಕೆ ಕೂರಿಸಿಕೊಳ್ಳುವುದಿಲ್ಲ ಎಂದರೆ ಅತ್ತಿಗೆ ಕೈಯಾಡಿಸಿಬಿಡುತ್ತಾರೆ. "ಅವರನ್ನ ಜಲ್ಲಿ ಲಾರೀಲಿ ಹಾಕಿದ್ರೂ ಗೊರಕೆ ಹೊಡೀತಾರೆ. ಆ ಬೆನ್ನು ಯಾವ ಕೆಲಸಕ್ಕೂ ಬರಲ್ಲ."

ಆರು ಗಂಟೆ ಹತ್ತು ನಿಮಿಷಕ್ಕೆ ಕಾರು ಗ್ಯಾರೇಜಿಗೆ ಮರಳುತ್ತದೆ. ತಗಡಿನ ಮಾಡಿನ ಉದ್ದನೆಯ ಕೋಣೆ. ಗೋಡೆಯ ಮೇಲೆ ಗಾತ್ರದ ಪ್ರಕಾರ ತೂಗುಹಾಕಿದ ಸ್ಪ್ಯಾನರ್‌ಗಳು. ಒಂದು ಮೂಲೆಯಲ್ಲಿ, ಕಾರಿನಡಿ ಕೆಲಸ ಮಾಡಲು ತೋಡಿದ, ಈಗ ಹಲಗೆ ಮುಚ್ಚಿದ ಹಳೆಯ ಗುಂಡಿ, ಅದರ ಮೇಲೆ ಸವೆದ ಟಯರ್‌ಗಳ ರಾಶಿ. ಮಧ್ಯದಲ್ಲಿ ಕಾರನ್ನು ಮೇಲಕ್ಕೆತ್ತುವ ಎರಡು ಕಂಬಗಳ ಹೊಸ ಲಿಫ್ಟ್, ನೀಲಿ ಬಣ್ಣದ್ದು, ಮೇಸ್ತ್ರಿಯ ಕಣ್ಮಣಿ. ಗುಂಡಿಯಲ್ಲಿ ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿದ್ದ ಅವರು ಕಳೆದ ಅಕ್ಟೋಬರಿನಲ್ಲಿ ಇದನ್ನು ತರಿಸಿದರು. ಗುಂಡಿ ಬೆಂಚಿಲ್ಲದ ಶಾಲೆ, ಲಿಫ್ಟು ಸಿಂಹಾಸನ ಎಂದು ಟಯರ್ ಅಂಗಡಿಯವರ ಮುಂದೆ ಜಂಬ ಕೊಚ್ಚಿಕೊಂಡದ್ದೂ ಉಂಟು.

ಟೀಚರಮ್ಮನ ಮಗ ಆಗಲೇ ಬಂದು ಬಾಗಿಲ ಬಳಿ ನಿಂತಿದ್ದಾನೆ. ಕನ್ನಡಕದ ಅಂಗಡಿ ಇಟ್ಟವನು. ರಾತ್ರಿ ನಿದ್ದೆಯಾಗಿಲ್ಲವೆಂದು ಮುಖವೇ ಹೇಳುತ್ತದೆ. ಈ ಗಡುಸು ಸ್ಪ್ರಿಂಗು, ಕೆಂಪು ಶಾಕ್‌ಗಳ ಸೆಟ್ಟನ್ನು ನಾಲ್ಕು ವರ್ಷದ ಹಿಂದೆ ಆಸೆಪಟ್ಟು ಹಾಕಿಸಿದವನು ಅವನೇ. ಗುಡ್ಡದ ತಿರುವುಗಳಲ್ಲಿ ಗೆಳೆಯರ ಕಾರುಗಳನ್ನು ಹಿಂದೆ ಹಾಕಲು. ಹಳೆಯ ಸಾಮಾನನ್ನು ಗುಜರಿಗೆ ಕೊಟ್ಟಿದ್ದಾನೆ, ಈ ಮಾದರಿಯ ಹೊಸದು ಈಗ ತಯಾರಾಗುತ್ತಿಲ್ಲ. ಬಾಡಿಗೆ ಕಾರುಗಳ ಸೀಟು ತಗ್ಗು, ಅಮ್ಮ ಇಳಿದು ಕೂತರೆ ಏಳಲಾರರು. ಇರುವ ಒಂದು ಕಾರನ್ನೇ ಪಳಗಿಸಬೇಕು.

ಮೊದಲ ಸಲ ತಂದಾಗ ಮೇಸ್ತ್ರಿ ನಾಲ್ಕೂ ಶಾಕ್‌ಗಳನ್ನು ಪೂರ್ತಿ ಸಡಿಲ ಮಾಡಿದರು. ಬೆನ್ನುನೋವಿನವರಿಗೆ ಮೆತ್ತಗಿದ್ದಷ್ಟೂ ಒಳ್ಳೆಯದು ಎಂದು ಯಾರಾದರೂ ಅಂದುಕೊಳ್ಳುವುದೇ. ಅತ್ತಿಗೆ ಬೇಡವೆಂದಿದ್ದರು. ಗುಡ್ಡ ಹತ್ತುವಾಗ ಕಾರು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿತು; ವಾಲಿದಾಗಲೆಲ್ಲ ಟೀಚರಮ್ಮ ಬೀಳದಿರಲು ಬೆನ್ನು ಬಿಗಿಹಿಡಿದರು. ಹೊಲಿಗೆ ಹಾಕಿದ ಬೆನ್ನಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಎರಡನೆಯ ಸಲ ಅತ್ತಿಗೆಯ ಮಾತಿನಂತೆ ಹಿಡಿತ ಏರಿಸಿದರು. ಜೊತೆಗೆ, ಚಕ್ರ ಹಿಡಿದ ಹಿಂಬದಿಯ ತೋಳುಗಳ ಬುಡದ ರಬ್ಬರ್ ಬುಶ್‌ಗಳು ಬಿರುಕು ಬಿಟ್ಟದ್ದು ಕಂಡು ಮೇಸ್ತ್ರಿ ಹೊಸ ಬುಶ್ ಹಾಕಿದರು, ಕೇಳದೆಯೇ, ಟೀಚರಮ್ಮನಿಗಾಗಿ. ಸಂಜೆಯಾಗಿತ್ತು, ರಸ್ತೆಯಲ್ಲಿ ಜನ. ಹೇಳಿದಷ್ಟು ಬಿಗಿ ಮಾಡಿದ್ದಾಯಿತಲ್ಲ ಎಂದು ಅತ್ತಿಗೆ ಕೂರದೆಯೇ ಕಾರು ಹೋಯಿತು. ಮರುದಿನ ಟೀಚರಮ್ಮ ಆಸ್ಪತ್ರೆಯ ಬೆಂಚಿನಿಂದ ಏಳಲಿಲ್ಲ.

"ಅಮ್ಮ ಏನಂದ್ರು, ಪೂರ್ತಿ ಹೇಳಪ್ಪಾ. ಬಿಡದೆ," ಎನ್ನುತ್ತಾರೆ ಅತ್ತಿಗೆ, ಉಪ್ಪಿಲ್ಲದ ರೊಟ್ಟಿಯ ತುಂಡೊಂದನ್ನು ಮುರಿಯುತ್ತ.

"ಎಲ್ಲಾನೂ ಬೈದ್ಳು, ಅತ್ತಿಗೆ. ನನ್ನ ಬೈದ್ಳು, ರಸ್ತೆ ಬೈದ್ಳು, ಮೇಸ್ತ್ರೀನ ಬೈದ್ಳು."

"ನನ್ನ?"

"ನೀವಿರೋದು ಅವಳಿಗೆ ಗೊತ್ತಿಲ್ಲ."

"ಪುಣ್ಯ. ಆಮೇಲೆ?"

"ಕಾರು ಬೆಳೆದುಬಿಟ್ಟಿದೆ ಅಂದ್ಳು." ಹುಡುಗ ನಗಲು ನೋಡುತ್ತಾನೆ. "ಮೊದ್ಲು ಕೂತ್ಕೊಂಡೇ ಕಾಲು ನೆಲಕ್ಕೆ ಸಿಗ್ತಿತ್ತಂತೆ, ಈಗ ತುದಿಬೆರಳು ಊರ್ಬೇಕಂತೆ. ಕಾರು ಬೆಳೆಯುತ್ತೇನಮ್ಮಾ ಅಂತ ನಾನೂ ಗದರಿಸ್ಬಿಟ್ಟೆ."

ಮೇಸ್ತ್ರಿಯೂ ನಗುತ್ತಾರೆ. ಅತ್ತಿಗೆ ನಗುವುದಿಲ್ಲ. ರೊಟ್ಟಿ ಬದಿಗಿಟ್ಟು ಎದ್ದು, ಹಿಂದಿನ ಬಾಗಿಲು ತೆರೆದು, ಟೀಚರಮ್ಮನ ಜಾಗದಲ್ಲಿ ಕೂತು, ಕಾಲು ಹೊರಗೆ ಇಳಿಬಿಡುತ್ತಾರೆ. ಅವರದೂ ಗಿಡ್ಡ ಕಾಲು. ಬರಿಯ ಅಂಗಾಲಿನ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. "ಟೇಪ್ ತಗೊಂಡು ಬಾ" ಎನ್ನುತ್ತಾರೆ.

ಚಕ್ರದ ನಡುವಿನಿಂದ ಅದರ ಮೇಲಿನ ಕಾರಿನ ಮೈಯ ಅಂಚಿನವರೆಗೆ ಅಳೆದರೆ ಹಿಂದೆ ಮುನ್ನೂರ ಅರವತ್ತು ಮಿಲಿಮೀಟರ್ ಇರಬೇಕು; ಮೇಸ್ತ್ರಿಯೇ ಮೊದಲ ದಿನ ಹೊಂದಿಸಿದ್ದು. ಈಗ ಮುನ್ನೂರ ಎಪ್ಪತ್ತೆರಡು ಇದೆ. ಎರಡೂ ಬದಿ.

"ನೀನು ಎತ್ತರ ಮುಟ್ಟಿದ್ಯಾ?"

"ಇಲ್ಲ ಅತ್ತಿಗೆ, ಆಣೆ ಮಾಡಿ ಹೇಳ್ತೀನಿ."

"ಹಂಗಾದ್ರೆ ಯಾವ್ದೋ ಎತ್ತಿ ಹಿಡ್ಕೊಂಡಿದೆ. ಶಾಕ್‌ನ ಎಷ್ಟು ತಿರುಗಿಸಿದ್ರೂ ಪ್ರಯೋಜನ ಇಲ್ಲ. ಕೆಳಗೆ ನೋಡು."

ಮೇಸ್ತ್ರಿ ಟಾರ್ಚ್ ಹಿಡಿದು ಹಿಂಚಕ್ರದ ಹಿಂದೆ ಅಂಗಾತ ಮಲಗುತ್ತಾರೆ. ಆಮೇಲೆ ಕಾರಿನಡಿಯಿಂದ ನಿಧಾನವಾಗಿ, "ಥೂ" ಎಂಬ ಒಂದು ಶಬ್ದ ಬರುತ್ತದೆ. ತಮಗೆ ತಾವೇ ಹೇಳಿಕೊಂಡದ್ದು.

ಹೊಸ ಬುಶ್‌ನ ರಬ್ಬರ್ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿದೆ. ಕಾರಣ ಇಷ್ಟೇ. ಹಿಂಬದಿಯ ತೋಳು ಚಕ್ರದ ಜೊತೆ ಏರುತ್ತ ಇಳಿಯುತ್ತ ಇರಬೇಕು; ಅದರ ಬುಡವನ್ನು ಒಂದು ಬೋಲ್ಟ್ ಕಾರಿನ ಮೈಗೆ ಬಿಗಿಯುತ್ತದೆ, ನಡುವೆ ರಬ್ಬರ್. ಕಾರು ನೆಲದ ಮೇಲೆ ತನ್ನ ಭಾರದಲ್ಲಿ ನಿಂತಿರುವಾಗ ಬೋಲ್ಟ್ ಬಿಗಿದರೆ ರಬ್ಬರ್ ಆರಾಮವಾಗಿರುತ್ತದೆ. ಚಕ್ರಗಳು ಗಾಳಿಯಲ್ಲಿ ಜೋತುಬಿದ್ದಿರುವಾಗ ಬಿಗಿದರೆ, ಕಾರನ್ನು ಕೆಳಗಿಳಿಸಿದ ಗಳಿಗೆಯಿಂದಲೇ ರಬ್ಬರ್ ತಿರುಚಿಕೊಂಡು ಇನ್ನೊಂದು ಸ್ಪ್ರಿಂಗ್‌ನಂತೆ ಕಾರನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಆಗ ಶಾಕ್ ಎಷ್ಟೇ ಸಡಿಲವಿದ್ದರೂ ಪೆಟ್ಟು ತಪ್ಪದು.

ಇಪ್ಪತ್ತನಾಲ್ಕು ವರ್ಷ ಈ ಗ್ಯಾರೇಜಿನಲ್ಲಿ ಈ ತಪ್ಪು ಆಗಿರಲಿಲ್ಲ. ಆಗುವುದಕ್ಕೆ ದಾರಿಯೇ ಇರಲಿಲ್ಲ. ಗುಂಡಿಯ ಮೇಲೆ ಕಾರು ಯಾವಾಗಲೂ ತನ್ನ ನಾಲ್ಕು ಚಕ್ರಗಳ ಮೇಲೇ ನಿಂತಿರುತ್ತಿತ್ತು. ಹೊಸ ಬುಶ್ ಹಾಕಲು ತೋಳನ್ನು ಇಳಿಸಿದರೂ ಕೊನೆಯ ಬಿಗಿತ ಕೆಳಗೆ ನಿಂತೇ ಆಗುತ್ತಿತ್ತು. ಅದೊಂದು ನಿಯಮವೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಲಿಫ್ಟು ಕಾರನ್ನು ಹೊಟ್ಟೆಯಡಿ ಹಿಡಿದು ಎತ್ತುತ್ತದೆ, ಚಕ್ರಗಳು ಜೋತುಬೀಳುತ್ತವೆ. ಮೇಸ್ತ್ರಿ ನೆಟ್ಟಗೆ ನಿಂತು, ಕತ್ತು ನೋಯದೆ, ಆರಾಮವಾಗಿ ಬೋಲ್ಟ್ ಬಿಗಿದಿದ್ದಾರೆ.

"ಅಂದ್ರೆ ನಾನೇ ಮಾಡಿದ್ದು," ಎನ್ನುತ್ತಾರೆ, ಎದ್ದು ಕೂತು. ಕೂದಲಿಗೆ ಮಣ್ಣು ಮೆತ್ತಿದೆ. "ಆಯಮ್ಮಂಗೆ ಒಳ್ಳೇದಾಗ್ಲಿ ಅಂತ ಹಾಕಿದ್ದು."

"ಹಾಕಿದ್ದು ಸರಿ. ಬಿಗಿದಿದ್ದು ತಪ್ಪು. ಅಳೋದಿದ್ರೆ ಎಂಟೂವರೆ ಆದ್ಮೇಲೆ ಅಳು. ಆ ಟಯರ್ ತೆಗೀರಿ."

ಮೂವರೂ ಸೇರಿ ಗುಂಡಿಯ ಮೇಲಿನ ಟಯರ್‌ಗಳನ್ನು ಉರುಳಿಸುತ್ತಾರೆ, ಹಲಗೆ ಸರಿಸುತ್ತಾರೆ. ಟೀಚರಮ್ಮನ ಮಗನ ಬಿಳಿ ಅಂಗಿ ಕಪ್ಪಾಗುತ್ತದೆ. ಕಾರು ಗುಂಡಿಯ ಮೇಲೆ ಬಂದು ನಿಲ್ಲುತ್ತದೆ. ಮೇಸ್ತ್ರಿ ಒಳಗಿಳಿಯುವಾಗ ಕತ್ತು ಹಿಡಿದುಕೊಂಡು ಅಯ್ಯೋ ಎನ್ನುತ್ತಾರೆ. "ಸಿಂಹಾಸನ ಬಿಟ್ಟಿಳಿದ ದೊರೆ ಥರ ನರಳ್ಬೇಡ" ಎಂದು ಮೇಲಿನಿಂದ ಅತ್ತಿಗೆ.

ಅವರು ತಾವೇ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ತೂಕದಲ್ಲಿ ಟೀಚರಮ್ಮನಿಗೂ ಅವರಿಗೂ ಹೆಚ್ಚುಕಡಿಮೆ ಇಲ್ಲ. ಮಗ ಸ್ಟೀರಿಂಗಿನ ಹಿಂದೆ ಕೂರಬೇಕು, ಕಾರು ನಿಜವಾಗಿ ಹೊರುವ ಭಾರ ಅದು. ಕೆಳಗೆ ಮೊದಲ ಬೋಲ್ಟ್ ಸಡಿಲವಾಗುತ್ತದೆ. ಕುಯ್ಯೆಂದು ರಬ್ಬರ್ ತಿರುಗಿ ಬಿಟ್ಟುಕೊಳ್ಳುತ್ತದೆ, ಕಾರು ಒಂದು ಮೂಲೆಯಲ್ಲಿ ಕುಸಿಯುತ್ತದೆ. ಎರಡನೆಯದು. ಇನ್ನೊಂದು ಮೂಲೆಯೂ ಇಳಿಯುತ್ತದೆ. ಬಹಳ ಹೊತ್ತು ಉಸಿರು ಬಿಗಿಹಿಡಿದವರು ಕೊನೆಗೂ ಬಿಟ್ಟ ಹಾಗೆ. ಅತ್ತಿಗೆ ಕಾರನ್ನು ಎರಡು ಸಲ ಕೂತಲ್ಲೇ ಕುಲುಕಿಸಿ, ಅದು ತನ್ನ ಮಟ್ಟಕ್ಕೆ ಬಂದು ನಿಂತ ಮೇಲೆ, "ಈಗ ಬಿಗಿ" ಎನ್ನುತ್ತಾರೆ.

ಆಮೇಲಿನದು ಅವರ ಮಾಮೂಲಿ ಕೆಲಸ. ಹಿಂದಿನ ಶಾಕ್‌ಗಳನ್ನು ಮೂರು ಟಿಕ್ ಬಿಗಿ ಮಾಡಿಸಿ ಒಂದು ಸುತ್ತು. ಸಿಮೆಂಟ್ ರಸ್ತೆಯಲ್ಲಿ ದನಿ ಸಣ್ಣಗೆ ನಡುಗುತ್ತದೆ, ಕಡಿಯುವುದಿಲ್ಲ. ತಿರುವಿನಲ್ಲಿ ಇನ್ನೂ ತುಸು ಜೋಲುತ್ತದೆ. ಮುಂದಿನವನ್ನು ಎರಡು ಟಿಕ್ ಏರಿಸಿ ಇನ್ನೊಂದು ಸುತ್ತು. ಈ ಸಲ ತಿರುವು ಮುಗಿದದ್ದು ಕಣ್ಣು ಮುಚ್ಚಿದ ಅತ್ತಿಗೆಗೆ ತಿಳಿಯುವುದೇ ಇಲ್ಲ. ಶಾಲೆಯ ಉಬ್ಬಿನ ಮೇಲೆ ಮಾತ್ರ ಹಿಂಬದಿ ಮೇಲೆದ್ದು ಬೇಗ ಬೀಳುತ್ತದೆ. "ಹಿಂದೆ ಒಂದು ಟಿಕ್ ವಾಪಸ್ ಕೊಡು. ಆ ಗುಡ್ಡದಲ್ಲಿ ಉಬ್ಬು ಕಮ್ಮಿ, ಆದ್ರೂ ಆಸ್ಪತ್ರೆ ಗೇಟಲ್ಲಿ ಒಂದಿದೆ. ಅಲ್ಲಿ ಎತ್ತಿ ಹಾಕ್ಬಾರ್ದು." ಒಟ್ಟು ಆರು ಸುತ್ತು. ಕೊನೆಯದು ಮುಗಿದಾಗ ಅತ್ತಿಗೆ ಬಾಗಿಲು ತೆರೆದು ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಮೇಸ್ತ್ರಿ ನೀರಿನ ಬಾಟಲಿ ಹಿಡಿದು ದೂರದಲ್ಲಿ ನಿಂತಿರುತ್ತಾರೆ. ಹತ್ತಿರ ಬಂದರೆ ಅವರಿಗೆ ಇಷ್ಟವಿಲ್ಲವೆಂದು ಗೊತ್ತು.

ಎಂಟು ಇಪ್ಪತ್ತೈದಕ್ಕೆ ಟೀಚರಮ್ಮ ಕೋಲೂರಿಕೊಂಡು ಸೊಸೆಯ ಜೊತೆ ಬರುತ್ತಾರೆ. ಮನೆ ಎರಡು ಬೀದಿಯಾಚೆ. ಕಾರನ್ನು ಮನೆ ಬಾಗಿಲಿಗೆ ತರುತ್ತೇನೆಂದರೂ ಕೇಳಿಲ್ಲ, ಕುಲುಕಾಟ ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದಂತೆ. ಮಗನ ಅಂಗಿ ನೋಡಿ ಮುಖ ಸಿಂಡರಿಸುತ್ತಾರೆ.

"ನಿನ್ನನ್ನೇ ಬಿಚ್ಚಿ ರಿಪೇರಿ ಮಾಡಿದ್ರೇನೋ?"

"ಅಮ್ಮಾ, ನೀನು ಹೇಳಿದ್ದು ಸರಿ. ಕಾರು ಬೆಳೆದಿತ್ತು."

"ನಾನು ಹೇಳಿದ್ದು ಯಾವಾಗ್ಲೂ ಸರಿಯೇ. ಎಷ್ಟು ಬೆಳೆದಿತ್ತು?"

"ಹನ್ನೆರಡು ಮಿಲಿಮೀಟರ್," ಎನ್ನುತ್ತಾರೆ ಅತ್ತಿಗೆ. "ನಮ್ಮದೇ ತಪ್ಪು ಟೀಚರಮ್ಮ. ಬೋಲ್ಟ್ ಬಿಗಿಯೋ ಹೊತ್ತಲ್ಲಿ ಬಿಗೀಲಿಲ್ಲ. ನೋವು ಕೊಟ್ಟಿದ್ದು ರಸ್ತೆ ಅಲ್ಲ, ನಾವು."

ಟೀಚರಮ್ಮ ಕನ್ನಡಕದ ಮೇಲಿನಿಂದ ಅವರನ್ನು ನೋಡುತ್ತಾರೆ. "ನೀವ್ಯಾರು?"

"ನಾನು ನಿಮ್ಮ ಸೀಟಲ್ಲಿ ಕೂತು ನೋಡೋಳು."

"ಓ." ಟೀಚರಮ್ಮ ಸೀಟಿನ ಅಂಚಿಗೆ ಕೂತು ಕಾಲು ಕೆಳಗಿಡುತ್ತಾರೆ. ಹಿಮ್ಮಡಿ ನೆಲಕ್ಕೆ ಸಿಗುತ್ತದೆ. ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಕಾಲುಗಳನ್ನು ಒಂದೊಂದಾಗಿ ಒಳಗೆಳೆದುಕೊಳ್ಳುತ್ತಾರೆ. "ಹಂಗಾದ್ರೆ ನೀವೂ ಬನ್ನಿ. ಪಕ್ಕದಲ್ಲಿ ಕೂರಿ. ನೋವಾದ್ರೆ ಬೈಯೋಕೆ ಒಬ್ರು ಬೇಕಲ್ಲ."

"ಬರ್ತಿದ್ದೆ. ಆದ್ರೆ ನನ್ನ ತೂಕ ಸೇರಿದ್ರೆ ಹಿಂದೆ ಇಳಿಯುತ್ತೆ, ಇಷ್ಟೊತ್ತು ಮಾಡಿದ್ದೆಲ್ಲ ಕೆಡುತ್ತೆ. ನೀವೊಬ್ರೇ ಹೋಗ್ಬೇಕು. ವಾಪಸ್ ಬಂದು ಬೈಯ್ರಿ, ಇಲ್ಲೇ ಇರ್ತೀನಿ."

ಸೊಸೆಯೂ ಕೆಳಗೇ ಉಳಿಯಬೇಕಾಗುತ್ತದೆ. ಕಾರು ಹೊರಟು ಬಣ್ಣದಂಗಡಿಯ ತಿರುವಿನಲ್ಲಿ ಮರೆಯಾಗುತ್ತದೆ. ತಿರುಗುವಾಗ ಅದು ಎಷ್ಟು ವಾಲಿತು ಎಂದು ಅತ್ತಿಗೆ, ಮೇಸ್ತ್ರಿ ಇಬ್ಬರೂ ಕತ್ತು ಓರೆ ಮಾಡಿ ನೋಡುತ್ತಾರೆ.

ಇನ್ನು ಕಾಯುವುದಷ್ಟೇ. ಗ್ಯಾರೇಜಿನಲ್ಲಿ ಎರಡು ಕಾರುಗಳು ಸರದಿಯಲ್ಲಿವೆ, ಮೇಸ್ತ್ರಿಗೆ ಯಾವುದರ ಮೇಲೂ ಮನಸ್ಸಿಲ್ಲ. ಲಿಫ್ಟಿನ ಕಂಬಕ್ಕೆ ಒರಗಿ ನಿಂತಿದ್ದಾರೆ.

"ಲಿಫ್ಟು ಬಂದ್ಮೇಲೆ ಬುಶ್ ಹಾಕಿದ್ದು ಇದೊಂದೇ ಅಲ್ಲ ಅಲ್ವಾ?" ಎನ್ನುತ್ತಾರೆ ಅತ್ತಿಗೆ.

"ಅಲ್ಲ." ಮೇಸ್ತ್ರಿ ಬೆರಳು ಮಡಿಸುತ್ತಾರೆ. "ಔಷಧಿ ಅಂಗಡಿಯವರದು. ಆ ಉದ್ದ ಬಿಳಿ ಕಾರು. ಪಶುವೈದ್ಯರದು. ಇನ್ನೂ ಒಂದೆರಡು ಇರ್ಬೇಕು."

"ಅವ್ಯಾವುದರಲ್ಲೂ ನನ್ನ ಕೂರಿಸ್ಲಿಲ್ಲ ನೀನು."

"ಬುಶ್ ಕೆಲಸಕ್ಕೆ ಯಾಕೆ ಅಂತ..."

"ಇವತ್ತೇ ಎಲ್ಲರನ್ನೂ ಕರಿ. ಹಿಂದಿನ ಎತ್ತರ ಅಳೆದು, ಗುಂಡಿ ಮೇಲೆ ನಿಲ್ಲಿಸಿ, ಬಿಚ್ಚಿ ಬಿಗಿಯೋಣ."

"ಅತ್ತಿಗೆ, ಅವರ್ಯಾರೂ ದೂರು ಹೇಳಿಲ್ಲ. ನಾವಾಗೇ ಕರೆದ್ರೆ ಏನಂದ್ಕೋತಾರೆ?"

"ಯಾಕೆ ಕರೆದ್ರು ಅಂದ್ಕೋತಾರೆ. ನೀನು ಹೇಳ್ತೀಯ. ನಂಗೆ ಹೇಳೋಕೆ ನಾಚ್ಕೆ ಇರ್ಲಿಲ್ಲ, ನಿಂಗ್ಯಾಕೆ?"

ಮೇಸ್ತ್ರಿ ಫೋನ್ ತೆಗೆಯುತ್ತಾರೆ. ಮೊದಲ ಕರೆ ಔಷಧಿ ಅಂಗಡಿಯವರಿಗೆ. ಆ ಕಡೆಯವರು ಏನೋ ಕೇಳುತ್ತಾರೆ. ಮೇಸ್ತ್ರಿ ಕಂಬದ ಬಣ್ಣವನ್ನು ಉಗುರಿನಿಂದ ಕೆರೆಯುತ್ತ, "ಇಲ್ಲ ಸಾರ್, ಗಾಡಿದೇನೂ ತಪ್ಪಿಲ್ಲ, ನಂದು" ಎನ್ನುತ್ತಾರೆ. ಎರಡನೆಯ ಕರೆಗೆ ದನಿ ಸ್ವಲ್ಪ ಗಟ್ಟಿಯಾಗಿರುತ್ತದೆ.

ಅತ್ತಿಗೆ ಹೊರಗಿನ ಕಟ್ಟೆಯ ಮೇಲೆ ಕೂತು ಅರ್ಧಕ್ಕೆ ಬಿಟ್ಟ ರೊಟ್ಟಿ ತಿನ್ನುತ್ತಾರೆ. ಮೊಣಕಾಲು ನೋಯುತ್ತಿದೆ. ವರ್ಷಗಳಿಂದ ಅಂಗಾಲು ಊರಿ ಊರಿ ಸೊಂಟದ ಬಲಭಾಗ ಹಿಡಿದುಕೊಳ್ಳುತ್ತದೆ. ಅವರಿಗೊಂದು ಆಸೆಯಿದೆ, ಕೇಳಿದರೆ ಮುಖ ಕೆಂಪಾಗಿಸಿಕೊಂಡು ಹೇಳುತ್ತಾರೆ. "ಒಂದ್ಸಲ ಯಾರದೋ ಕಾರಲ್ಲಿ ಹೋಗ್ತಾ ನಿದ್ದೆ ಬಂದ್ಬಿಡ್ಬೇಕು. ಏನೂ ಕೇಳಿಸ್ಕೋಬಾರ್ದು, ಎಲ್ಲಿ ಕುಂಟ್ತಿದೆ ಅಂತ ನೋಡ್ಬಾರ್ದು. ಎಚ್ಚರ ಆದಾಗ ಊರು ಬಂದಿರ್ಬೇಕು. ಎಲ್ಲರಿಗೂ ಆಗುತ್ತಲ್ಲ ಹಂಗೆ, ನಂಗಾಗಿಲ್ಲ."

ಹತ್ತು ಗಂಟೆ ಐವತ್ತಕ್ಕೆ ಮೇಸ್ತ್ರಿಯ ಫೋನ್ ರಿಂಗಾಗುತ್ತದೆ. ಟೀಚರಮ್ಮನ ಮಗ. ಮೇಸ್ತ್ರಿ ಹಲೋ ಎನ್ನುತ್ತಾರೆ, ಒಂದು ಕ್ಷಣ ಕೇಳಿಸಿಕೊಂಡು ಫೋನನ್ನು ಅತ್ತಿಗೆಯ ಕೈಗೆ ಕೊಡುತ್ತಾರೆ. "ನಿಮಗಂತೆ."

ಆಚೆಯ ದನಿ ಮಗನದಲ್ಲ.

"ಕೇಳಿಸ್ತಿದ್ಯಾ? ನಾನು, ನಿಮ್ಮ ಸೀಟಲ್ಲಿ ಕೂತೋಳು. ನೋವು ಇಲ್ಲ ಅನ್ನಲ್ಲ. ಸುಳ್ಳು ಹೇಳಲ್ಲ ನಾನು. ಏಳನೇ ತಿರುವಲ್ಲಿ ಒಂದು ಸಲ ಆಯ್ತು. ಆದ್ರೆ ಇಳಿದು ನಿಂತೆ. ಬೆಂಚು ಬೇಡ ಅಂದೆ."

"ಆಮೇಲೆ?" ಅತ್ತಿಗೆಯ ದನಿ ಸಣ್ಣದಾಗಿದೆ.

"ಆಮೇಲೇನು, ನಡೆಸಿದ್ರು. ಆ ಉದ್ದ ಪಡಸಾಲೇಲಿ ಅಳೆಯೋಕೆ ಟೇಪ್ ಹಾಸಿರ್ತಾರೆ. ಶುಕ್ರವಾರ ಮತ್ತೆ ಬಾ ಅಂದಿದ್ದಾರೆ, ಬರ್ತೀನಿ ಅಂದೆ. ಆ ಏಳನೇ ತಿರುವಿಗೆ ಏನಾದ್ರೂ ಮಾಡೋಕಾಗುತ್ತಾ?"

"ಮಾಡ್ತೀನಿ. ನಾಳೆ ಬೆಳಿಗ್ಗೆ ಕಾರು ಕಳಿಸಿ. ಎಷ್ಟು ನಡೆದ್ರಿ ಟೀಚರಮ್ಮ?"

"ನಲವತ್ತಾರು ಮೀಟರ್."